ಚಪ್ಪಲಿ ತಿರುಗಿಸಿ ತೋರಿಸಿ

ಬೆಳಗಿನ ಐದೂಕಾಲು. ಕಾಲುವೆಯ ನೀರಿಗೆ ಇನ್ನೂ ಬಣ್ಣ ಬಂದಿಲ್ಲ. ಮೇಲೆ ಜಲ್ಲಿ ರಸ್ತೆ, ಕೆಳಗೆ ನೀರು, ನಡುವೆ ಮಂಡಿಯೆತ್ತರದ ಹುಲ್ಲು ಹೊದ್ದ ಇಳಿಜಾರು. ಆ ಇಳಿಜಾರಿನಲ್ಲಿ ಐವತ್ತಮೂರರ ಹೆಂಗಸೊಬ್ಬರು ಒಂದು ಮಂಡಿ ಊರಿ, ಜಾರದಂತೆ ಇನ್ನೊಂದು ಕಾಲನ್ನು ಕೆಳಗೆ ಒತ್ತಿ ಹಿಡಿದು, ಹುಲ್ಲಿನ ಬುಡವನ್ನು ಎರಡೂ ಕೈಯಿಂದ ಬಗೆದು ನೋಡುತ್ತಿದ್ದಾರೆ. ಮಗುವಿನ ತಲೆಯಲ್ಲಿ ಹೇನು ಹುಡುಕುವ ತಾಯಿಯ ಹಾಗೆ, ಅವಸರವಿಲ್ಲದೆ, ಒಂದು ಬೈತಲೆಯೂ ಬಿಟ್ಟುಹೋಗದಂತೆ. ಬೆರಳಿಗೆ ಕಲ್ಲು ತಗುಲಿದರೆ ಎತ್ತಿ ಪಕ್ಕದ ತಗಡಿನ ಬಕೆಟ್ಟಿಗೆ ಹಾಕುತ್ತಾರೆ. ಟಣ್. ಮತ್ತೆ ಟಣ್.

ಏಳು ಗಂಟೆಗೆ ಇಲ್ಲಿಗೆ ಐದು ಯಂತ್ರಗಳು ಬರುತ್ತವೆ. ಎರಡೇ ಚಕ್ರದ, ಹಿಡಿಕೆ ಹಿಡಿದು ಹಿಂದೆ ನಡೆಯುತ್ತ ಓಡಿಸುವ ಪುಟ್ಟ ಟ್ರ್ಯಾಕ್ಟರುಗಳು. ಮುಂದೆ ಹುಲ್ಲು ಕತ್ತರಿಸಲು ರೋಟರಿ ಮೋವರ್ ಕಟ್ಟಿರುತ್ತಾರೆ. ತಗಡಿನ ಮುಚ್ಚಳದಡಿ ಫ್ಯಾನಿನ ಹಾಗೆ ಗಿರ್ರನೆ ತಿರುಗುವ ಬ್ಲೇಡು ಅದು. ಅದಕ್ಕೆ ಭೇದಭಾವ ಇಲ್ಲ. ಹುಲ್ಲು ಸಿಕ್ಕರೆ ಹುಲ್ಲು ಬೀಳುತ್ತದೆ, ಕಲ್ಲು ಸಿಕ್ಕರೆ ಕಲ್ಲು ಹಾರುತ್ತದೆ. ಯಾರ ಕಡೆಗೆ ಎಂದು ಮೊದಲೇ ಹೇಳುವುದು ಯಾರಿಂದಲೂ ಸಾಧ್ಯವಿಲ್ಲ.

"ಅದರ ಹಿಂದೆ ಐದು ಜನ ನಡೀತಾರೆ," ಎನ್ನುತ್ತಾರೆ ಅವರು ತಲೆಯೆತ್ತದೆ. "ಐದೂ ಜನಕ್ಕೆ ಮನೆ ಇದೆ."

ಈ ಕಲ್ಲು ಆರಿಸುವ ಕೆಲಸಕ್ಕೆ ಅವರನ್ನು ಯಾರೂ ನೇಮಿಸಿಲ್ಲ. ಇದಕ್ಕೆ ಸಂಬಳವಿಲ್ಲ, ಹಾಜರಿ ಪುಸ್ತಕವಿಲ್ಲ, ಮಳೆಗೆ ರಜೆಯೂ ಇಲ್ಲ. ರಾತ್ರಿಯೆಲ್ಲ ಲಾರಿಗಳು ಓಡಾಡಿ ರಸ್ತೆಯ ಜಲ್ಲಿಯನ್ನು ದಂಡೆಗೆ ಚೆಲ್ಲುತ್ತವೆ. ಬೆಳಿಗ್ಗೆ ಇವರು ಮೇಲಿನ ಹತ್ತಡಿಯನ್ನು, ಅಂದು ಹುಲ್ಲು ಕೊಯ್ಯುವಷ್ಟು ಉದ್ದಕ್ಕೆ, ಅಂಗೈಯಲ್ಲಿ ತಡವಿ ಶುಚಿ ಮಾಡುತ್ತಾರೆ. ದಿನಕ್ಕೆ ಮೂರು ಬಕೆಟ್. ಹದಿನೇಳು ವಾರವಾಯಿತು.

ಏಳಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಮೊದಲ ಯಂತ್ರದ ಸದ್ದು ಕೇಳುತ್ತದೆ. ಹಿಡಿಕೆ ಹಿಡಿದು ಬರುವ ಐವರಲ್ಲಿ ಎಲ್ಲರಿಗಿಂತ ಎತ್ತರದವರನ್ನು ಜನ ಉದ್ದಣ್ಣ ಎಂದೇ ಕರೆಯುವುದು. ಅವರು ದೂರದಿಂದಲೇ ಕೂಗುತ್ತಾರೆ.

"ಏನ್ ಹುಲ್ಲಕ್ಕ, ಮನೆ ಎಲ್ಲಿಗೆ ಬಂತು? ಪಾಯ ಮುಗೀತಾ?"

ದಿನಾ ಕಲ್ಲು ಆರಿಸುವ ಈ ಹೆಂಗಸು ಗುಟ್ಟಾಗಿ ಎಲ್ಲೋ ಮನೆ ಕಟ್ಟಿಸುತ್ತಿದ್ದಾರೆ ಎಂಬುದು ಇವರ ಹಳೆಯ ತಮಾಷೆ.

"ಪಾಯ ಆಯ್ತು ಕಣಪ್ಪ. ನಿನ್ನ ತಲೇಲಿರೋದನ್ನೂ ಕೊಟ್ಬಿಟ್ರೆ ಗೋಡೆ ಎಬ್ಬಿಸ್ತೀನಿ."

"ಅದು ಜಲ್ಲಿ ಅಲ್ಲಕ್ಕ, ಬರೀ ಜೇಡಿಮಣ್ಣು."

"ಇರ್ಲಿ, ಗೋಡೆ ಗಿಲಾವಿಗಾಗುತ್ತೆ. ರಬ್ಬರ್ ಪರದೆ ಎಲ್ಲಿ?"

ಉದ್ದಣ್ಣ ತಲೆ ಕೆರೆದುಕೊಳ್ಳುತ್ತಾರೆ. ಹಾರುವ ಕಲ್ಲನ್ನು ತಡೆಯಲೆಂದು ಮೋವರಿನ ಅಂಚಿಗೆ ರಬ್ಬರ್ ಪಟ್ಟಿಗಳ ಪರದೆ ಇರುತ್ತದೆ. ಹಸಿ ಹುಲ್ಲು ಅದಕ್ಕೆ ಸಿಕ್ಕಿಕೊಂಡು ಯಂತ್ರ ತೊಡರುವುದರಿಂದ ಎಲ್ಲರೂ ಅದನ್ನು ಮೇಲಕ್ಕೆತ್ತಿ ತಂತಿಯಲ್ಲಿ ಕಟ್ಟಿಬಿಡುತ್ತಾರೆ. ಕಾಲುವೆ ಕಚೇರಿ ಕೊಟ್ಟ ಕನ್ನಡಕಗಳೂ ಐದಿವೆ. ಹತ್ತು ನಿಮಿಷದಲ್ಲಿ ಬೆವರಿನ ಹಬೆ ಕೂತು ಏನೂ ಕಾಣದೆ ಅವು ಹಣೆಗೆ ಏರುತ್ತವೆ.

"ಇಳಿಸು," ಎನ್ನುತ್ತಾರೆ ಹುಲ್ಲಕ್ಕ. ಉದ್ದಣ್ಣ ತಂತಿ ಬಿಚ್ಚುತ್ತಾರೆ. ಹಿಂದಿನ ನಾಲ್ವರೂ ಹೇಳಿಸಿಕೊಳ್ಳದೆ ಬಿಚ್ಚುತ್ತಾರೆ.

ಹುಲ್ಲಕ್ಕ ಬಕೆಟ್ಟನ್ನು ರಸ್ತೆಯಾಚೆ ಸುರಿದು, ಕಾಲುವೆಯ ನೀರಿನಲ್ಲಿ ಕೈ ತೊಳೆದು ಹೊರಡುತ್ತಾರೆ. ಎಂಟಕ್ಕೆ ಅಂಗಡಿಯಲ್ಲಿರಬೇಕು. ಪ್ಯಾಂಟಿನ ಮಂಡಿಗೆ ಮಗಳು ಹೊಲಿದ ದಪ್ಪ ತೇಪೆಗಳು ತೊಯ್ದು ಕಪ್ಪಾಗಿವೆ. "ಅಮ್ಮ, ಬಟ್ಟೆಗೆ ತೇಪೆ ಹಾಕಬಹುದು, ಮಂಡಿಗೆ ಹಾಕೋಕೆ ಬರಲ್ಲ ನಂಗೆ," ಎಂದು ಮಗಳು ಗೊಣಗುತ್ತಾಳಂತೆ. ಗೊಣಗುತ್ತಲೇ ತಿಂಗಳಿಗೊಂದು ಜೊತೆ ಹೊಸ ತೇಪೆ ಕತ್ತರಿಸಿ ಇಡುತ್ತಾಳಂತೆ.

ಅಂಗಡಿ ಎಂದರೆ ಕೃಷಿ ಯಂತ್ರಗಳನ್ನು ಮಾರುವ, ಬಾಡಿಗೆಗೆ ಕೊಡುವ ಉದ್ದನೆಯ ಕಟ್ಟಡ. ಮುಂದೆ ಗಾಜು, ಹಿಂದೆ ತಗಡು. ಇಪ್ಪತ್ತು ವರ್ಷದಿಂದ ಹುಲ್ಲಕ್ಕ ಇಲ್ಲಿದ್ದಾರೆ. ಸಂಬಳದ ಚೀಟಿಯಲ್ಲಿ ಅವರ ಹುದ್ದೆ 'ಸ್ವಚ್ಛತೆ'. ಪೊರಕೆ, ಮೊರ, ಒರೆಸುವ ಬಟ್ಟೆ. ಆದರೆ ಸುತ್ತಲಿನ ಹೈನುಗಾರರಿಗೆ, ತೋಟದವರಿಗೆ, ಶಾಲೆ ಮತ್ತು ಆಸ್ಪತ್ರೆಗಳ ಮಾಲಿಗಳಿಗೆ ಗೊತ್ತಿರುವ ಹುದ್ದೆ ಬೇರೆ. ಎರಡು ಚಕ್ರದ ಟ್ರ್ಯಾಕ್ಟರಿಗೆ ಯಾವ ಮೋವರ್ ಕಟ್ಟಬೇಕು ಎಂದು ಕೇಳಬೇಕಾದರೆ ಜನ ಗಾಜಿನ ಬಾಗಿಲು ದಾಟಿ ಪೊರಕೆ ಹಿಡಿದವರನ್ನು ಹುಡುಕುತ್ತಾರೆ.

ಅಂಗಡಿಯಲ್ಲಿ ಮುಖ್ಯವಾಗಿ ಮೂರು ಬಗೆಯ ಮೋವರ್‌ಗಳಿವೆ. ಮೊದಲನೆಯದು ಹಲ್ಲುಪಟ್ಟಿ. ಸಾಲು ಹಲ್ಲುಗಳ ಎರಡು ಪಟ್ಟಿಗಳು ಕತ್ತರಿಯಂತೆ ಆಡಿ ಹುಲ್ಲನ್ನು ಬುಡದಲ್ಲಿ ಕತ್ತರಿಸಿ ಉದ್ದಕ್ಕೆ ಮಲಗಿಸುತ್ತವೆ. ಎರಡನೆಯದು ರೋಟರಿ. ಮೂರನೆಯದನ್ನು ಇಲ್ಲಿ ಸುತ್ತಿಗೆ ಮೋವರ್ ಎನ್ನುತ್ತಾರೆ. ತಿರುಗುವ ಉರುಳೆಗೆ ಜೋತುಬಿದ್ದ ಸಣ್ಣ ಸುತ್ತಿಗೆಯಂಥ ತುಂಡುಗಳು ಹುಲ್ಲು, ಕುರುಚಲು ಎಲ್ಲವನ್ನೂ ಬಡಿದು ಪುಡಿ ಮಾಡುತ್ತವೆ, ಕಲ್ಲು ಅಡ್ಡ ಬಂದರೆ ಮಡಚಿಕೊಂಡು ಹಿಂದೆ ಸರಿಯುತ್ತವೆ. ಕಂಪನಿಯ ಪುಸ್ತಕದಲ್ಲಿ ಇದಕ್ಕೆ ಹನ್ನೆರಡು ಪುಟವಿದೆ. ಹುಲ್ಲಕ್ಕ ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

"ಸೊಪ್ಪನ್ನ ಹೆಚ್ಚಬೇಕಾ, ರುಬ್ಬಬೇಕಾ, ಜಜ್ಜಬೇಕಾ? ಅಷ್ಟೇ ಕಣ್ರೀ. ಅಡುಗೆ ಮನೇಲಿ ಗೊತ್ತಿರೋದು ಅಂಗಡೀಲಿ ಮರ್ತುಹೋಗುತ್ತೆ ಜನಕ್ಕೆ."

ರೋಟರಿಯ ಮೇಲೆ ಅವರಿಗೆ ದ್ವೇಷವೇನೂ ಇಲ್ಲ. ಕಲ್ಲಿಲ್ಲದ, ಸಮತಟ್ಟಾದ, ಜನ ಓಡಾಡದ ಜಾಗಕ್ಕೆ ಅದರಷ್ಟು ಬೇಗ ಕೆಲಸ ಮುಗಿಸುವುದು ಇನ್ನೊಂದಿಲ್ಲ ಎಂದು ಅವರೇ ಹೇಳುತ್ತಾರೆ, ಎಷ್ಟೋ ಜನಕ್ಕೆ ಅದನ್ನೇ ಕೊಡಿಸಿದ್ದಾರೆ. ಜಾಗ ನೋಡದೆ ಕೊಡುವವರ ಮೇಲೆ ಮಾತ್ರ ಅವರ ಸಿಟ್ಟು.

ಈಗ ಅವರು ಮುಂದಿನ ಕೋಣೆಗೆ ಕಾಲಿಡುವ ಹಾಗಿಲ್ಲ. ಹಿಂದಿನ ಅಂಗಳದಲ್ಲಿ ನಲ್ಲಿಯ ಪಕ್ಕ, ಬಾಡಿಗೆಗೆ ಹೋಗಿ ಬಂದ ಯಂತ್ರಗಳ ಕೆಸರು ತೊಳೆಯುವುದಷ್ಟೇ ಕೆಲಸ. ಗಿರಾಕಿಗಳ ಜೊತೆ ಮಾತಾಡಕೂಡದು ಎಂದು ಅಪ್ಪಣೆಯಾಗಿದೆ. ಆದರೆ ಅಂಗಳಕ್ಕೆ ಒಂದು ಕಬ್ಬಿಣದ ಗೇಟಿದೆ, ಗೇಟಿಗೆ ಸಂದಿಗಳಿವೆ. ಹತ್ತು ಗಂಟೆಯ ಹೊತ್ತಿಗೆ ಆ ಸಂದಿಯಾಚೆ ಹೈನುಗಾರ ದಂಪತಿಗಳಿಬ್ಬರು ಬಂದು ನಿಲ್ಲುತ್ತಾರೆ.

"ಹುಲ್ಲು ಯಾರು ತಿಂತಾರೆ?" ನೀರಿನ ಪೈಪು ಕೆಳಗಿಡದೆ ಹುಲ್ಲಕ್ಕ ಕೇಳುತ್ತಾರೆ. ಅವರ ಮೊದಲ ಪ್ರಶ್ನೆ ಯಾವಾಗಲೂ ಇದೇ.

"ನಾಲ್ಕು ಹಸು, ಎರಡು ಕರು," ಎನ್ನುತ್ತಾಳೆ ಹೆಂಡತಿ. "ಇವ್ರು ರೋಟರಿನೇ ಬೇಕು ಅಂತಾರೆ. ಪಕ್ಕದ ಮನೆಯೋರು ತಂದ್ರಂತೆ. ಆವತ್ತಿಂದ ಇವ್ರಿಗೆ ನಿದ್ದೆ ಇಲ್ಲ."

"ಪಕ್ಕದ ಮನೇಲಿ ಹಸು ಇದ್ಯಾ?"

"ಇಲ್ಲ. ಕಾರಿದೆ."

"ಹಾಗಾದ್ರೆ ಅವರಿಗೆ ಸರಿ ಬಿಡಿ. ಕಾರು ಹುಲ್ಲು ತಿನ್ನಲ್ಲ." ಹೆಂಡತಿ ನಗುತ್ತಾಳೆ, ಗಂಡ ನಗುವುದಿಲ್ಲ. "ಯಜಮಾನ್ರೇ, ಚಪ್ಪಲಿ ತಿರುಗಿಸಿ ತೋರಿಸಿ."

"ಚಪ್ಪಲಿನಾ?"

"ಹೊಡೆಯೋಕಲ್ಲ. ನೋಡೋಕೆ."

ಗಂಡ ಮುಜುಗರದಿಂದ ಗೇಟು ಹಿಡಿದು ಒಂಟಿಕಾಲಲ್ಲಿ ನಿಂತು ಅಟ್ಟೆ ತೋರಿಸುತ್ತಾನೆ. ಹುಲ್ಲಕ್ಕ ಬಗ್ಗಿ ನೋಡುತ್ತಾರೆ. ಮೆತ್ತನೆಯ ಕರಿಮಣ್ಣು, ಒಂದೆರಡು ಒಣಹುಲ್ಲಿನ ಚೂರು, ಸ್ವಲ್ಪ ಸಗಣಿ. ಗೀರಿಲ್ಲ, ಅಟ್ಟೆಯ ಸಂದಿಯಲ್ಲಿ ಒಂದು ಹರಳೂ ಇಲ್ಲ.

"ನಿಮ್ಮ ನೆಲದಲ್ಲಿ ಕಲ್ಲಿಲ್ಲ, ಪುಣ್ಯವಂತರು. ಹಲ್ಲುಪಟ್ಟಿ ತಗೊಳ್ಳಿ. ಹುಲ್ಲು ಉದ್ದಕ್ಕೆ ಮಲಗುತ್ತೆ, ಒಣಗಿಸಿ ಕಟ್ಟಿಡಬಹುದು. ರೋಟರಿಲಿ ಚೂರು ಮಾಡಿದ್ರೆ ಮಣ್ಣು ಬೆರೆಯುತ್ತೆ, ಹಸು ಮೂಸಿ ನೋಡಿ ಮುಖ ತಿರುಗಿಸುತ್ತೆ. ಟ್ರ್ಯಾಕ್ಟರಿನ ಹಿಡಿಕೆ ತಿರುಗುತ್ತಾ?"

"ತಿರುಗಿಸಿ ನೋಡೇ ಇಲ್ಲ," ಎನ್ನುತ್ತಾನೆ ಗಂಡ.

"ಗೊತ್ತಿಲ್ವಾ? ಮನೆಗೆ ಹೋಗಿ ನೋಡ್ಕೊಂಡು ಬನ್ನಿ. ಹಿಡಿಕೆ ಪೂರ್ತಿ ಆ ಕಡೆಗೆ ತಿರುಗಿದ್ರೆ ಮೋವರ್ ಮುಂದೆ ಬರುತ್ತೆ. ತಿರುಗದಿದ್ರೆ ಹಿಂದೆ ಉಳಿಯುತ್ತೆ. ಚಕ್ರ ತುಳಿದ ಹುಲ್ಲು ತಲೆ ಎತ್ತಲ್ಲ, ಹಲ್ಲಿಗೆ ಸಿಗಲ್ಲ. ಇವತ್ತು ಏನೂ ತಗೋಬೇಡಿ."

ಅವರು ಹೋದ ಮೇಲೆ ಮೇಲಿನ ಕಿಟಕಿ ತೆರೆದುಕೊಳ್ಳುತ್ತದೆ. ಸೇಲ್ಸಿನವರು. ಮಡಿಕೆ ಮುರಿಯದ ಅಂಗಿಗಾಗಿ ಹುಲ್ಲಕ್ಕ ಅವರಿಗೆ ಇಸ್ತ್ರಿ ಸಾಹೇಬರು ಎಂದು ಹೆಸರಿಟ್ಟಿದ್ದಾರೆ.

"ಮತ್ತೊಂದು ಗಿರಾಕಿನ ಅಟ್ಟಿದ್ರಾ?"

"ಅಟ್ಟಿಲ್ಲ ಸಾಹೇಬ್ರೇ, ಅಳತೆ ತರೋಕೆ ಕಳಿಸಿದ್ದೀನಿ. ವಾಪಸ್ ಬರ್ತಾರೆ. ನೀವು ಕಳಿಸಿದೋರೂ ವಾಪಸ್ ಬರ್ತಾರೆ, ಯಂತ್ರನೂ ಹೊತ್ಕೊಂಡು."

ಕಿಟಕಿ ಮುಚ್ಚಿಕೊಳ್ಳುತ್ತದೆ. ಮಾತು ಸುಳ್ಳಲ್ಲ. ಅಂಗಡಿಯಿಂದ ವರ್ಷಕ್ಕೆ ಸುಮಾರು ನಲವತ್ತು ಮೋವರ್ ಹೋಗುತ್ತವೆ. ಹುಲ್ಲಕ್ಕ ಚಪ್ಪಲಿ ನೋಡಿ ಹೇಳಿದವುಗಳಲ್ಲಿ ಹನ್ನೆರಡು ವರ್ಷದಲ್ಲಿ ಹಿಂದಿರುಗಿದ್ದು ಎರಡು. ಇಸ್ತ್ರಿ ಸಾಹೇಬರು ಕಳಿಸಿದವು ಕಳೆದ ಮಳೆಗಾಲ ಒಂದರಲ್ಲೇ ಆರು ಬಂದವು. ಮುಂದಿನ ಕೋಣೆಯ ಗೋಡೆಯಲ್ಲಿ 'ಉತ್ತಮ ಸಲಹೆಗಾರ' ಎಂಬ ಗಾಜಿನ ಚೌಕಟ್ಟಿದೆ, ಅದರೊಳಗೆ ಇಸ್ತ್ರಿ ಸಾಹೇಬರ ಫೋಟೋ ಇದೆ. ಹದಿನೇಳು ವಾರದ ಹಿಂದಿನವರೆಗೆ ಆ ಗಾಜಿನ ಧೂಳು ಒರೆಸುತ್ತಿದ್ದವರು ಹುಲ್ಲಕ್ಕ.

ಚಪ್ಪಲಿ ನೋಡುವ ಅಭ್ಯಾಸ ಎಲ್ಲಿಂದ ಬಂತು ಎಂದು ಕೇಳಿದಾಗ ಅವರು ಪೈಪಿನ ನೀರನ್ನು ಒಂದೇ ಕಡೆ ಬಿಡುತ್ತಾರೆ, ಚಕ್ರ ಶುಚಿಯಾದ ಮೇಲೂ.

ಹನ್ನೆರಡು ವರ್ಷದ ಹಿಂದೆ ಹೊಳೆಯಂಚಿನ ಹಣ್ಣಿನ ತೋಟದ ಗುತ್ತಿಗೆದಾರನೊಬ್ಬ ಮೋವರ್ ಕೊಳ್ಳಲು ಬಂದಿದ್ದ. ಅವನ ಬಳಿ ಯಂತ್ರ ನಡೆಸುತ್ತಿದ್ದವರು ಹುಲ್ಲಕ್ಕನ ಗಂಡ. ಗುತ್ತಿಗೆದಾರ ಬೇಗ ಮುಗಿಯುವಂಥದ್ದು ಬೇಕೆಂದ, ಅಂಗಡಿಯವರು ರೋಟರಿ ತೋರಿಸಿದರು. ಮಾತು ಮುಗಿದು ಅವನು ಎದ್ದುಹೋದ ಮೇಲೆ ಕುರ್ಚಿಯ ಕೆಳಗೆ ಗುಡಿಸುವಾಗ ಅವನ ಬೂಟಿನಿಂದ ಉದುರಿದ ಹರಳುಗಳು ಮೊರಕ್ಕೆ ಬಂದವು. ದುಂಡನೆಯ ಹೊಳೆಗಲ್ಲುಗಳು, ಹತ್ತೋ ಹನ್ನೆರಡೋ.

"ನೋಡಿದೆ. ಆ ತೋಟದ ನೆಲ ಹೇಗಿದೆ ಅಂತ ಆ ಮೊರನೇ ಹೇಳ್ತಿತ್ತು. ಯಂತ್ರ ಇನ್ನೂ ಬಾಗಿಲಲ್ಲೇ ಇತ್ತು. ಓಡಿಹೋಗಿ ಹೇಳ್ಬಹುದಿತ್ತು, ಇದು ಬೇಡ ಸ್ವಾಮಿ, ಸುತ್ತಿಗೆದು ತಗೊಳ್ಳಿ ಅಂತ. ಗುಡಿಸೋಳಿಗ್ಯಾಕೆ ದೊಡ್ಡೋರ ವ್ಯವಹಾರ ಅಂದ್ಕೊಂಡೆ. ಕಲ್ಲನ್ನ ಕಸದ ಡಬ್ಬಿಗೆ ಸುರಿದೆ."

ಹತ್ತೊಂಬತ್ತನೆಯ ದಿನ ಬ್ಲೇಡಿಗೆ ಸಿಕ್ಕ ಒಂದು ಹೊಳೆಗಲ್ಲು ಮರದ ಬುಡಕ್ಕೆ ಬಡಿದು ಹಿಂದಕ್ಕೆ ಹಾರಿತು. ಗಂಡನ ಎಡಗಣ್ಣು ಹೋಯಿತು.

"ಜನ ಕಲ್ಲು ಹೊಡೀತು ಅಂತಾರೆ," ಎಂದು ಅವರು ನಲ್ಲಿ ನಿಲ್ಲಿಸುತ್ತಾರೆ. "ಕಲ್ಲಿಗೇನು ಗೊತ್ತು. ಗೊತ್ತಿದ್ದೋಳು ನಾನು."

ಗಂಡ ಈಗ ಮನೆಯ ಮುಂದಿನ ಕೋಣೆಯಲ್ಲಿ ಸಾಣೆ ಚಕ್ರ ಇಟ್ಟುಕೊಂಡಿದ್ದಾರೆ. ಹಲ್ಲುಪಟ್ಟಿಯ ಮೂರು ಮೂಲೆಯ ಹಲ್ಲುಗಳನ್ನು ಕಳಚಿ ಹರಿತ ಮಾಡಿ ಮತ್ತೆ ರಿವೆಟ್ ಹೊಡೆದು ಕೊಡುವುದು ಅವರ ಕೆಲಸ, ದಿನಕ್ಕೆ ಮೂವತ್ತರವರೆಗೆ. ಎರಡೂ ಕಣ್ಣಿಗೆ ದಪ್ಪ ಕನ್ನಡಕ ಹಾಕುತ್ತಾರೆ, ಇಲ್ಲದ ಕಣ್ಣಿಗೂ. ಮಧ್ಯಾಹ್ನ ಹುಲ್ಲಕ್ಕ ಮನೆಗೆ ಬಂದು ಬ್ರೆಡ್ಡು ಕೊಯ್ದು ತಟ್ಟೆಗೆ ಹಾಕುವಾಗ ಅವರು ಒಂದು ಹಲ್ಲನ್ನು ಬೆಳಕಿಗೆ ಹಿಡಿದು ಅಂಚು ನೋಡುತ್ತಿರುತ್ತಾರೆ.

"ಅಂಚು ನೋಡೋಕೆ ಎಲ್ರೂ ಒಂದು ಕಣ್ಣು ಮುಚ್ಕೋಬೇಕು," ಎನ್ನುತ್ತಾರೆ ಮನೆಗೆ ಬಂದವರಿಗೆ. "ನನಗೆ ದೇವರೇ ಮುಚ್ಚಿಕೊಟ್ಟ."

"ದೇವರಲ್ಲ ರೀ, ರೋಟರಿ," ಎನ್ನುತ್ತಾರೆ ಹೆಂಡತಿ.

"ಆಯ್ತು ಮಾರಾಯ್ತಿ, ರೋಟರಿ. ಬೆಣ್ಣೆ ಹಚ್ಚು."

ಹನ್ನೆರಡು ವರ್ಷದಲ್ಲಿ ಆ ಮೊರದ ವಿಷಯವನ್ನು ಗಂಡ ಒಮ್ಮೆಯೂ ಎತ್ತಿಲ್ಲವಂತೆ. "ಎತ್ತಿದ್ರೆ ಜಗಳ ಆಡಬಹುದಿತ್ತು," ಎನ್ನುತ್ತಾರೆ ಹುಲ್ಲಕ್ಕ. "ಅದೂ ಸಿಗಲಿಲ್ಲ ನಂಗೆ."

ಅಂದಿನಿಂದ ಅವರು ಬಾಯಿ ಮುಚ್ಚಿಲ್ಲ. ಗಿರಾಕಿ ಬಂದರೆ ಪೊರಕೆ ಗೋಡೆಗೆ ಒರಗಿಸಿ ಬಂದು ನಿಲ್ಲುತ್ತಿದ್ದರು. ಮೊದಮೊದಲು ಅಂಗಡಿಯವರು ಗದರಿದರು. ಯಂತ್ರಗಳು ಹಿಂದಿರುಗುವುದು ಕಡಿಮೆಯಾದಾಗ ಸುಮ್ಮನಾದರು. ಆಮೇಲೆ ದೊಡ್ಡ ಖರೀದಿಗಳಿದ್ದರೆ ಜಾಗ ನೋಡಿಕೊಂಡು ಬರಲು ಅವರನ್ನೇ ಕಳಿಸತೊಡಗಿದರು. ನಡೆಯುತ್ತಿದ್ದವರು ಹುಲ್ಲಕ್ಕ, ವರದಿಗೆ ಸಹಿ ಮಾಡುತ್ತಿದ್ದವರು ಇಸ್ತ್ರಿ ಸಾಹೇಬರು. ಅದಕ್ಕೆ ಅವರು ತಕರಾರು ಮಾಡಿದವರಲ್ಲ. "ಹೆಸರು ಯಾರದ್ದಾದ್ರೇನು, ಮೋವರ್ ಸರಿಯಾಗಿದ್ರೆ ಸಾಕು ಅಂತಿದ್ದೆ."

ಹದಿನೇಳು ವಾರದ ಹಿಂದೆ ಕಾಲುವೆ ಕಚೇರಿಗೆ ಐದು ಮೋವರ್ ಬೇಕಾದವು. ಅವರ ಬಳಿ ಎರಡು ಚಕ್ರದ ಟ್ರ್ಯಾಕ್ಟರುಗಳು ಆಗಲೇ ಇದ್ದವು. ಹುಲ್ಲಕ್ಕ ಎರಡು ಬೆಳಿಗ್ಗೆ ದಂಡೆಯುದ್ದಕ್ಕೂ ನಡೆದರು. ಕೋಲಿನಿಂದ ಹುಲ್ಲು ಸರಿಸಿ ನೋಡಿದರು, ಇಳಿಜಾರಿಗೆ ಹಗ್ಗ ಬಿಟ್ಟು ಅಳೆದರು, ನೀರಂಚಿನ ಕಾಲುದಾರಿಯಲ್ಲಿ ಎಷ್ಟು ಜನ ಓಡಾಡುತ್ತಾರೆ ಎಂದು ಕೂತು ಎಣಿಸಿದರು. ಬಂದು ಹೇಳಿದರು: ರಸ್ತೆಯಂಚಿನ ಜಲ್ಲಿಗೆ ಸುತ್ತಿಗೆ ಮೋವರ್ ಮೂರು, ಮೇಕೆ ಸಾಕುವವರು ಹುಲ್ಲು ಒಯ್ಯುವ ಕೆಳಭಾಗಕ್ಕೆ ಹಲ್ಲುಪಟ್ಟಿ ಎರಡು. ರೋಟರಿ ಒಂದೂ ಬೇಡ.

ಆದರೆ ಗೋದಾಮಿನಲ್ಲಿ ಎರಡು ವರ್ಷದಿಂದ ಮಾರಾಟವಾಗದ ಐದು ರೋಟರಿಗಳು ಕೂತಿದ್ದವು.

ಆ ಸಂಜೆ ಅಂಗಡಿಯ ಧಣಿಗಳು ಅವರನ್ನು ಕೋಣೆಗೆ ಕರೆಸಿದರು. "ಕೂತ್ಕೊಳಮ್ಮ" ಎಂದು ಕುರ್ಚಿ ತೋರಿಸಿದರು. ಇಪ್ಪತ್ತು ವರ್ಷ ಆ ಕುರ್ಚಿಯನ್ನು ಒರೆಸಿದವರು ಅಂದೇ ಮೊದಲ ಬಾರಿ ಅದರಲ್ಲಿ ಕೂತಿದ್ದು. ಟೀ ಬಂತು. ಮೇಜಿನ ಮೇಲೆ ಒಂದು ಕಾಗದ. 'ಸ್ಥಳವನ್ನು ನಡೆದು ಪರಿಶೀಲಿಸಲಾಗಿದ್ದು, ಐದು ರೋಟರಿ ಮೋವರ್‌ಗಳು ಸೂಕ್ತವೆಂದು ಕಂಡುಬಂದಿದೆ.' ಈ ಸಲ ಕಾಲುವೆ ಕಚೇರಿಯ ಇಂಜಿನಿಯರರು ನಿಜವಾಗಿ ನಡೆದವರದೇ ಸಹಿ ಬೇಕೆಂದು ಕೇಳಿದ್ದರು. ಹಾಗಾಗಿ ಕೆಳಗೆ ಹುಲ್ಲಕ್ಕನ ಪೂರ್ತಿ ಹೆಸರು ಟೈಪಾಗಿತ್ತು. ಹೆಸರಿನ ಕೆಳಗೆ ಹುದ್ದೆ: 'ಯಂತ್ರ ಸಲಹೆಗಾರರು'.

"ಸುಳ್ಳು ಹೇಳಲ್ಲ," ಎನ್ನುತ್ತಾರೆ ಅವರು. "ಆ ಎರಡು ಪದ ಎರಡು ಸಲ ಓದಿದೆ. ಒಂದು ಗಳಿಗೆ ಹಾಕಿಬಿಡೋಣ ಅನ್ನಿಸ್ತು. ಮಗಳಿಗೆ ತೋರಿಸಬಹುದಿತ್ತಲ್ಲ."

ಇಸ್ತ್ರಿ ಸಾಹೇಬರು ಪೆನ್ನಿನ ಮುಚ್ಚಳ ತೆಗೆದುಕೊಟ್ಟರು. "ಸುಮ್ನೆ ಹಾಕಿ ಅಕ್ಕ. ಹುಲ್ಲು ಹುಲ್ಲೇ. ಯಾವುದರಲ್ಲಿ ಕೊಯ್ದರೇನು?"

"ಸಾಹೇಬ್ರೇ, ನಿಮ್ಮ ಬೂಟು ತಿರುಗಿಸಿ ತೋರಿಸಿ. ಅದರಲ್ಲಿ ಕಾಲುವೆ ಮಣ್ಣು ಒಂದು ಚಿಟಿಕೆ ಇದ್ರೂ ಹಾಕ್ತೀನಿ."

ಅವರು ತೋರಿಸಲಿಲ್ಲ. ಧಣಿಗಳು ಮೇಜು ತಟ್ಟಿದರು. "ಇಪ್ಪತ್ತು ವರ್ಷ ಅನ್ನ ಹಾಕಿದ್ದೀನಿ ನಿನಗೆ."

"ಇಪ್ಪತ್ತು ವರ್ಷ ಗುಡಿಸಿದ್ದೀನಿ, ಧಣಿ."

ಆಮೇಲೆ ಅವರು ಪೆನ್ನು ಹಿಡಿದರು. ಟೈಪಾದ ಸಾಲಿನ ಕೆಳಗೆ, ಖಾಲಿ ಜಾಗದಲ್ಲಿ, ನಿಧಾನವಾಗಿ ಬರೆದರು: 'ನಾನು ನಡೆದು ನೋಡಿದ್ದೇನೆ. ಇದು ಬೇಡ ಎಂದು ಹೇಳಿದ್ದೇನೆ. ಕಲ್ಲಿದೆ.' ಅದರ ಕೆಳಗೆ ಸಹಿ ಹಾಕಿದರು. ಧಣಿಗಳು ಓದಿ, ಕಾಗದವನ್ನು ಮುದುಡಿ ಬುಟ್ಟಿಗೆ ಎಸೆದರು. ಹೊಸ ಕಾಗದ ಬಂತು, ಹೊಸ ಹೆಸರು ಟೈಪಾಯಿತು, ಇಸ್ತ್ರಿ ಸಾಹೇಬರು ಸಹಿ ಹಾಕಿದರು. ಮಾರನೆಯ ದಿನ ಹುಲ್ಲಕ್ಕನನ್ನು ಹಿಂದಿನ ಅಂಗಳಕ್ಕೆ ಹಾಕಿದರು.

ಅವರು ಕಾಲುವೆ ಕಚೇರಿಗೂ ಹೋದರು. ಎರಡು ಗಂಟೆ ಬೆಂಚಿನ ಮೇಲೆ ಕೂತ ಮೇಲೆ ಗುಮಾಸ್ತರು ಹುದ್ದೆ ಏನು ಎಂದು ಕೇಳಿದರು. ಸಂಬಳದ ಚೀಟಿ ತೋರಿಸಿದರು. "ಸ್ವಚ್ಛತೆಯೋರು ಸ್ವಚ್ಛತೆ ಬಗ್ಗೆ ದೂರು ಕೊಡಬಹುದು," ಎಂದು ಗುಮಾಸ್ತರು ಚೀಟಿಯನ್ನು ಹಿಂದಿರುಗಿಸಿದರು. ಬೈದಿದ್ದರೂ ಬೇಸರವಿರಲಿಲ್ಲವಂತೆ. ಆತ ನಯವಾಗಿ ಹೇಳಿದ್ದೇ ಇಂದಿಗೂ ಚುಚ್ಚುತ್ತದಂತೆ.

ಧಣಿಗಳು ಮುದುಡಿ ಎಸೆದ ಕಾಗದ ಎಲ್ಲಿ ಹೋಗಬೇಕು? ಕೋಣೆಯ ಬುಟ್ಟಿ ಖಾಲಿ ಮಾಡುವವರು ಅವರೇ. ಮುಂದಿನ ಕೋಣೆಯಲ್ಲಿ ಅವರ ಕೊನೆಯ ಕೆಲಸವೂ ಅದೇ ಆಯಿತು. ಧಣಿಗಳು ಕಾಗದ ಎಸೆದ ಆ ಸಂಜೆಯೇ ಅವರ ಸಹಿ ಅವರದೇ ಮೊರಕ್ಕೆ ಬಂದು ಬಿತ್ತು. ಈ ಸಲ ಅವರು ಕಸದ ಡಬ್ಬಿಗೆ ಸುರಿಯಲಿಲ್ಲ. ಅಂಗೈಯಲ್ಲಿ ಉಜ್ಜಿ ನೆಟ್ಟಗೆ ಮಾಡಿ ಮನೆಗೆ ತಂದರು. ಗಂಡ ಅದನ್ನು ದೀಪದ ಹತ್ತಿರ ಹಿಡಿದು, ಮುಖ ಓರೆ ಮಾಡಿ, ಒಂದೇ ಕಣ್ಣಿನಲ್ಲಿ ಎರಡು ಸಲ ಓದಿದರು.

"ಅಕ್ಷರ ಗುಂಡಗಿದೆ," ಎಂದರು. ಕಾಗದ ಮಡಚಿ ರಿವೆಟ್ಟುಗಳ ಡಬ್ಬಿಯಲ್ಲಿಟ್ಟರು. ಸಾಣೆ ಚಕ್ರಕ್ಕೆ ಬಟ್ಟೆ ಹೊದಿಸಿದರು. ಆಮೇಲೆ, ಏನೋ ಮಾಮೂಲಿ ಮಾತೆಂಬಂತೆ, ಕೇಳಿದರು:

"ನಾಳೆ ಎಷ್ಟು ಗಂಟೆಗೆ ಎಬ್ಬಿಸ್ಲಿ?"

ಐದು ರೋಟರಿಗಳೂ ದಂಡೆಗಿಳಿದ ಆ ಮರುದಿನ ಬೆಳಿಗ್ಗೆ ಶುರುವಾದದ್ದು ಈ ಬಕೆಟ್ಟು. ಮೊದಲ ವಾರಗಳಲ್ಲಿ ಯಂತ್ರದವರು ನಗುತ್ತಿದ್ದರು. ಮನೆ ಕಟ್ಟುವ ತಮಾಷೆ ಹುಟ್ಟಿದ್ದು ಆಗಲೇ. ಆರನೆಯ ವಾರ, ಹುಲ್ಲಕ್ಕನ ಕೈ ತಪ್ಪಿಸಿಕೊಂಡ ಒಂದೇ ಒಂದು ಜಲ್ಲಿಕಲ್ಲು ಹಾರಿ, ಹಿಡಿಕೆಗೆ ತೂಗುಹಾಕಿದ್ದ ಉದ್ದಣ್ಣನ ಟೀ ಫ್ಲಾಸ್ಕನ್ನು ಚೂರು ಮಾಡಿತು. ಹೊಟ್ಟೆಗೂ ಫ್ಲಾಸ್ಕಿಗೂ ಒಂದು ಗೇಣು ಅಂತರ. ತಮಾಷೆ ನಿಲ್ಲಲಿಲ್ಲ. ಆದರೆ ಅಂದಿನಿಂದ ಹುಲ್ಲಕ್ಕ ಒಂದು ಮಾತು ಹೇಳಿದರೆ ಪರದೆಗಳು ಇಳಿಯತೊಡಗಿದವು. ನಾಳೆ ಯಾವ ತೂಬಿನಿಂದ ಕೊಯ್ಲು ಶುರುವೆಂದು ಹಿಂದಿನ ಸಂಜೆಯೇ ಉದ್ದಣ್ಣ ಹೇಳಿಹೋಗತೊಡಗಿದರು. ಒಂದು ಭಾನುವಾರ ಐವರೂ ಬಂದು ಕಲ್ಲು ಆರಿಸಿದರು. ಕೆಲಸದ ದಿನ ಅವರಿಗೆ ಆಗುವುದಿಲ್ಲ. ಕೊಯ್ದ ಉದ್ದಕ್ಕೆ ಅವರ ಕೂಲಿ, ಆರಿಸಿದ ಕಲ್ಲಿಗಲ್ಲ.

ಸುತ್ತಿಗೆ ಮೋವರ್ ಕೊಡಿ ಎಂದು ಅವರೂ ಕಚೇರಿಗೆ ಹೋಗಿ ಕೇಳಿದರು. ಇರುವುದು ಸವೆಯಲಿ, ಆಮೇಲೆ ನೋಡೋಣ ಎಂದರಂತೆ. ಇನ್ನೂ ಯಾರಿಗೂ ಏನೂ ಆಗಿಲ್ಲವಲ್ಲ ಎಂದೂ ಅಂದರಂತೆ.

"ನಾನು ಕಲ್ಲು ತೆಗೆದಷ್ಟೂ ಅವರ ಕಾಗದ ನಿಜ ಆಗ್ತಾ ಹೋಗುತ್ತೆ," ಎನ್ನುತ್ತಾರೆ ಹುಲ್ಲಕ್ಕ. "ನೋಡಿ, ರೋಟರಿ ಸರಿಯಾಗೇ ಇದೆಯಲ್ಲ ಅಂತಾರೆ. ಒಂದು ದಿನ ತೆಗೀದೆ ಇದ್ರೆ ನನ್ನ ಮಾತು ನಿಜ ಆಗುತ್ತೆ. ಅದು ನಿಜ ಆಗೋದು ಬೇಡ." ಒದ್ದೆ ಕೈಯನ್ನು ತೇಪೆಗೆ ಒರೆಸಿಕೊಳ್ಳುತ್ತಾರೆ. "ಆ ಇಂಜಿನಿಯರ್ರು ಒಂದು ಸಲ ದಂಡೆ ಮೇಲೆ ನಡೀಲಿ. ಗೇಟಿಗೆ ಬಂದು ಚಪ್ಪಲಿ ತಿರುಗಿಸಿ ತೋರಿಸ್ಲಿ. ನನ್ನ ಹತ್ರ ಮಾತೂ ಆಡಬೇಕಾಗಿಲ್ಲ. ಅಷ್ಟೇ ನನ್ನಾಸೆ."

ಸಂಜೆ ಐದೂವರೆ. ಕಾಲುವೆ ಕಚೇರಿಗೆ ಸ್ವಂತ ಶೆಡ್ ಇಲ್ಲದ್ದರಿಂದ ಯಂತ್ರಗಳು ಇದೇ ಅಂಗಳಕ್ಕೆ ಬಂದು ನಿಲ್ಲುತ್ತವೆ. ಹುಲ್ಲಕ್ಕನ ಕೆಲಸ ಐದಕ್ಕೇ ಮುಗಿದಿದೆ, ಆದರೂ ಚೀಲ ಹೆಗಲಿಗೆ ಹಾಕಿಕೊಂಡು ಗೇಟಿನ ಬಳಿ ನಿಂತಿದ್ದಾರೆ. ಮೊದಲು ಉದ್ದಣ್ಣ ಬರುತ್ತಾರೆ. ಎಂಜಿನ್ ನಿಲ್ಲಿಸಿ, ಯಾರೂ ಕೇಳದಿದ್ದರೂ ಹಿಡಿಕೆಗೆ ಆತು ಒಂದು ಕಾಲೆತ್ತಿ ಅಟ್ಟೆ ತೋರಿಸುತ್ತಾರೆ. ಹುಲ್ಲಕ್ಕ ಸಂದಿಯಲ್ಲಿ ಕಚ್ಚಿದ್ದ ಜಲ್ಲಿ ಚೂರೊಂದನ್ನು ಉಗುರಿನಿಂದ ಕಿತ್ತು ಬಕೆಟ್ಟಿಗೆ ಹಾಕುತ್ತಾರೆ. "ನಾಳೆ ಮೂರನೇ ತೂಬಕ್ಕ," ಎಂದು ಹೇಳಿ ಅವರು ಹೋಗುತ್ತಾರೆ. ಎರಡನೆಯವರು, ಮೂರನೆಯವರು, ನಾಲ್ಕನೆಯವರು. ಐದನೆಯವರು ಸ್ವಲ್ಪ ತಡ. ಹುಲ್ಲಕ್ಕ ರಸ್ತೆಯ ತಿರುವನ್ನೇ ನೋಡುತ್ತ ನಿಲ್ಲುತ್ತಾರೆ, ಯಂತ್ರದ ಸದ್ದು ಕೇಳುವವರೆಗೆ, ಆಮೇಲೆ ಮುಖ ಕಾಣುವವರೆಗೆ.

ಇನ್ನು ಹೊರಡಬಹುದು. ಬಕೆಟ್ಟನ್ನು ನಲ್ಲಿಯ ಪಕ್ಕ ಬೋರಲು ಹಾಕುತ್ತಾರೆ.

"ಬೆಳಿಗ್ಗೆ ಹತ್ತು ಕಣ್ಣು ಹೋಗ್ತವೆ, ಸಂಜೆ ಹತ್ತು ವಾಪಸ್ ಬರ್ತವೆ," ಎನ್ನುತ್ತಾರೆ ಹುಲ್ಲಕ್ಕ. "ಎಣಿಸ್ಕೊಂಡೇ ಮನೆಗೆ ಹೋಗೋದು ನಾನು."